ಕಾಮಾಲೆ: ಒಂದು ಹೆಸರು, ಐದು ವೈರಾಣುಗಳು

ಕಾಸರಗೋಡಿನ ಒಂದೇ ಪೇಟೆಯಲ್ಲಿ ಕಣ್ಣು ಹಳದಿಯಾದವರ ಕಾಯಿಲೆಗೆ ಹಲವು ಹೆಸರುಗಳು ಕೇಳಿಬರುತ್ತವೆ. ಕನ್ನಡದ ಮನೆಗಳಲ್ಲಿ ಅದು ಕಾಮಾಲೆ ಅಥವಾ ಅರಸಿನ ಕಾಮಾಲೆ; ಘಟ್ಟದ ಮೇಲಿನವರಿಗೆ ಕಾಮಣಿ. ಮಲಯಾಳದಲ್ಲಿ ಮಞ್ಞಪ್ಪಿತ್ತಂ, ಮರಾಠಿಯಲ್ಲಿ ಕಾವೀಳ. ಚರಕಸಂಹಿತೆಯು ಪಾಂಡುರೋಗದ ಅಧ್ಯಾಯದಲ್ಲಿ ವಿವರಿಸುವ ‘ಕಾಮಲಾ’ ಎಂಬ ಶಬ್ದವೇ ಕನ್ನಡದಲ್ಲಿ ಕಾಮಾಲೆಯಾಗಿ ಉಳಿದಿದೆ. ಗ್ರಾಮವು ಗಾವ್ ಆದಂತೆ, ನಾಮವು ನಾವ್ ಆದಂತೆ, ಮರಾಠಿಯಲ್ಲಿ ಅದರ ಮಕಾರವು ವಕಾರವಾಗಿ ಕಾವೀಳ ಎಂಬ ರೂಪ ಬಂದಿದೆ. ಮಲಯಾಳದ ಹೆಸರನ್ನು ಬಿಡಿಸಿದರೆ ದೊರೆಯುವ ಅರ್ಥ ‘ಹಳದಿ ಪಿತ್ತ’.

ಈ ಹೆಸರುಗಳೆಲ್ಲವೂ ಕಣ್ಣಿಗೆ ಕಾಣುವ ಬಣ್ಣವನ್ನು ಹಿಡಿದು, ಅಥವಾ ಆ ಬಣ್ಣವನ್ನೇ ರೋಗವೆಂದು ಬಗೆದು ಬಳಕೆಯಲ್ಲಿವೆ. ಆದರೆ ಇಂದಿನ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಕಾಮಾಲೆಯು ಒಂದು ಲಕ್ಷಣ ಮಾತ್ರ. ಜ್ವರವೆಂದೊಡನೆ ‘ಯಾವ ಜ್ವರ?’ ಎಂದು ಕೇಳುವುದು ರೂಢಿಯಾಗಿದೆ. ಕಾಮಾಲೆಯೆಂದಾಗ ‘ಯಾವ ಕಾಮಾಲೆ?’ ಎಂದು ಕೇಳುವ ರೂಢಿ ಇನ್ನೂ ಬೆಳೆದಿಲ್ಲ. ಈ ಒಂದು ಪ್ರಶ್ನೆಯನ್ನು ಕೇಳದಿರುವುದರಿಂದ ಆಗುವ ಹಾನಿ ಸಣ್ಣದಲ್ಲ. ಹೆಪಟೈಟಿಸ್ ಉಂಟುಮಾಡುವ ಮುಖ್ಯ ವೈರಾಣುಗಳು ಐದು. ಅವು ಬರುವ ದಾರಿ ಬೇರೆ, ದೇಹದಲ್ಲಿ ಉಳಿಯುವ ಕಾಲ ಬೇರೆ, ಚಿಕಿತ್ಸೆ ಬೇರೆ. ಅವುಗಳಲ್ಲಿ ಅತ್ಯಂತ ದೀರ್ಘಕಾಲ ಕಾಡುವ ಎರಡು ವೈರಾಣುಗಳು ಬಹುಪಾಲು ರೋಗಿಗಳ ಕಣ್ಣನ್ನು ಹಳದಿ ಮಾಡುವುದೇ ಇಲ್ಲ.

ಯಕೃತ್ತು ಮತ್ತು ಹಳದಿ ಬಣ್ಣ

ಮೊದಲು ಪದಗಳನ್ನು ಸರಿಪಡಿಸಿಕೊಳ್ಳಬೇಕು. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ದೊಡ್ಡ ಅಂಗ ಯಕೃತ್ತು. ಪಿತ್ತವನ್ನು ತಯಾರಿಸುವುದರಿಂದ ಅದಕ್ಕೆ ಪಿತ್ತಜನಕಾಂಗವೆಂದೂ ಹೆಸರು. ಅದರ ಅಡಿಯಲ್ಲಿ ಅಂಟಿಕೊಂಡು ಪಿತ್ತವನ್ನು ಕೂಡಿಡುವ ಪುಟ್ಟ ಚೀಲ ಪಿತ್ತಕೋಶ. ಪತ್ರಿಕೆಗಳಲ್ಲಿಯೂ ಈ ಎರಡು ಪದಗಳು ಆಗಾಗ ಅದಲುಬದಲಾಗುತ್ತವೆ. ಗ್ರೀಕ್ ಭಾಷೆಯಲ್ಲಿ ಯಕೃತ್ತಿಗೆ ‘ಹೆಪಾರ್’ ಎಂದು ಹೆಸರು. ಅದರಿಂದ ಹುಟ್ಟಿದ ಹೆಪಟೈಟಿಸ್ ಎಂಬ ಪದಕ್ಕೆ ಯಕೃತ್ತಿನ ಉರಿಯೂತ ಎಂದು ಅರ್ಥ.

ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಸತ್ತ ಕಣಗಳಲ್ಲಿನ ಹಿಮೋಗ್ಲೋಬಿನ್ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಯಕೃತ್ತು ಅದನ್ನು ರಕ್ತದಿಂದ ಸೆಳೆದು, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಪಿತ್ತದೊಡನೆ ಕರುಳಿಗೆ ಕಳುಹಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಯಕೃತ್ತಿನ ಕೋಶಗಳು ಊದಿಕೊಂಡು ಈ ಕೆಲಸ ಕುಂಠಿತವಾದರೆ ಬಿಲಿರುಬಿನ್ ರಕ್ತದಲ್ಲಿಯೇ ಉಳಿಯುತ್ತದೆ. ಆರೋಗ್ಯವಂತರಲ್ಲಿ ಅದು ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 1 ಮಿಲಿಗ್ರಾಂ. ಎರಡೂವರೆ, ಮೂರಕ್ಕೆ ಏರಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣತೊಡಗುತ್ತದೆ. ಮೂತ್ರ ಗಾಢವಾಗುತ್ತದೆ, ಕೆಲವರಲ್ಲಿ ಮಲ ಬಿಳಿಚಿಕೊಳ್ಳುತ್ತದೆ. ‘ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆ ಪೂರ್ವಗ್ರಹವನ್ನು ಕುರಿತ ಒಳ್ಳೆಯ ಮಾತು. ಆದರೆ ವಾಸ್ತವದಲ್ಲಿ ಕಾಮಾಲೆಯಾದವರಿಗೆ ಸಾಮಾನ್ಯವಾಗಿ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವರು ಹಳದಿಯಾಗಿ ಕಾಣುತ್ತಾರೆ.

ಹಳದಿಗೆ ವೈರಾಣುಗಳೇ ಕಾರಣವಾಗಬೇಕೆಂದಿಲ್ಲ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೂ, ಮದ್ಯದಿಂದ ಯಕೃತ್ತು ಹಾಳಾದರೂ, ಕೆಲವು ಔಷಧಗಳಿಂದಲೂ, ಕೆಂಪು ಕಣಗಳು ಅತಿಯಾಗಿ ಒಡೆದರೂ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಕರಾವಳಿಯ ಗದ್ದೆ, ತೋಟಗಳಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ಬರುವ ಇಲಿಜ್ವರವೂ ಕಣ್ಣನ್ನು ಹಳದಿ ಮಾಡಬಲ್ಲದು. ಇಲಿಜ್ವರಕ್ಕೆ ಕಾರಣ ಬ್ಯಾಕ್ಟೀರಿಯ. ಅದಕ್ಕೆ ಸಕಾಲದಲ್ಲಿ ಆ್ಯಂಟಿಬಯಾಟಿಕ್ ದೊರೆತರೆ ಜೀವ ಉಳಿಯುತ್ತದೆ. ಕಾಮಾಲೆಯೆಂದು ಮನೆಯಲ್ಲಿಯೇ ನಿರ್ಣಯಿಸಿ ಪಥ್ಯ ಹಿಡಿದರೆ ಆ ಸಮಯ ಕಳೆದುಹೋಗುತ್ತದೆ.

ಅಕ್ಷರಗಳ ಹೆಸರು ಬಂದ ಬಗೆ

ಎರಡನೆಯ ಮಹಾಯುದ್ಧದ ಕಾಲಕ್ಕೆ ವೈದ್ಯರು ಎರಡು ಬಗೆಯ ಸಾಂಕ್ರಾಮಿಕ ಕಾಮಾಲೆಗಳನ್ನು ಗುರುತಿಸಿದ್ದರು. ಒಂದು, ಆಹಾರ ನೀರುಗಳಿಂದ ಹರಡಿ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವಂಥದು. ಇನ್ನೊಂದು, ರಕ್ತ ಅಥವಾ ಸೂಜಿಯ ಮೂಲಕ ಹರಡಿ ಕೆಲವು ತಿಂಗಳುಗಳ ಅನಂತರ ಕಾಣಿಸಿಕೊಳ್ಳುವಂಥದು. 1947ರಲ್ಲಿ ಬ್ರಿಟನ್ನಿನ ಮೆಕಲಂ ಅವರು ಮೊದಲನೆಯದನ್ನು ಎ, ಎರಡನೆಯದನ್ನು ಬಿ ಎಂದು ಕರೆಯಲು ಸೂಚಿಸಿದರು. ಆಗ ಎರಡೂ ವೈರಾಣುಗಳನ್ನು ಯಾರೂ ಕಂಡಿರಲಿಲ್ಲ. ಹೆಸರು ಮೊದಲು ಬಂತು, ವಸ್ತು ಆಮೇಲೆ ಸಿಕ್ಕಿತು.

ಅಮೆರಿಕದ ಬರೂಕ್ ಬ್ಲಂಬರ್ಗ್ ಅವರು 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಅಪರಿಚಿತ ಪ್ರೋಟೀನನ್ನು ಗುರುತಿಸಿದರು. ಅದು ಬಿ ವೈರಾಣುವಿನ ಹೊರಕವಚದ ಭಾಗವೆಂದು ಬಳಿಕ ತಿಳಿಯಿತು. ಈ ಶೋಧಕ್ಕೆ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಜನ್ಮದಿನವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ. ಎ ವೈರಾಣು 1973ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೋಚರಿಸಿತು. ಎರಡಕ್ಕೂ ಪರೀಕ್ಷೆಗಳು ಸಿದ್ಧವಾದ ಮೇಲೆ ಒಂದು ಒಗಟು ಉಳಿಯಿತು. ರಕ್ತ ಪಡೆದ ಅನೇಕರಿಗೆ ಎ ಕೂಡ ಅಲ್ಲದ, ಬಿ ಕೂಡ ಅಲ್ಲದ ಹೆಪಟೈಟಿಸ್ ಬರುತ್ತಿತ್ತು. ಅದಕ್ಕೆ ಬೇರೆ ಹೆಸರು ತೋಚದೆ ‘ಎ-ಅಲ್ಲದ, ಬಿ-ಅಲ್ಲದ ಹೆಪಟೈಟಿಸ್’ ಎಂದೇ ಕರೆದರು. ನೇತಿ ನೇತಿ ಎನ್ನುವ ಈ ಹೆಸರು 1989ರವರೆಗೆ ನಡೆಯಿತು. ಆ ವರ್ಷ ಸಿ ವೈರಾಣು ಪತ್ತೆಯಾಯಿತು. ಅದರ ಶೋಧಕ್ಕೆ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಸಂದಿತು. ಇಟಲಿಯ ಮಾರಿಯೊ ರಿಜೆಟ್ಟೊ 1977ರಲ್ಲಿ ಡಿ ವೈರಾಣುವಿನ ಸುಳಿವನ್ನು ಕಂಡಿದ್ದರು.

ಐದನೆಯದಾದ ಇ ವೈರಾಣುವಿನ ಕತೆ ಭಾರತದ ನೆಲದ್ದು. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಯಮುನೆಯ ಮೂಲಕ ಚರಂಡಿಯ ಕೊಳಚೆ ಸೇರಿ, 29 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಮಾಲೆ ತಗುಲಿತು. ಅದನ್ನು ಎ ಎಂದೇ ಬಹುಕಾಲ ನಂಬಲಾಗಿತ್ತು. ಅಂದು ಕಾದಿರಿಸಿದ್ದ ರಕ್ತದ ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವು ಪರೀಕ್ಷಿಸಿ, ಅದು ಎ ಅಲ್ಲವೆಂದು 1980ರಲ್ಲಿ ತೋರಿಸಿತು. ಕಾಶ್ಮೀರದಲ್ಲಿ 1978ರಲ್ಲಿ ಹಬ್ಬಿದ ಕಾಮಾಲೆಯನ್ನು ಅಧ್ಯಯನ ಮಾಡಿದ ವೈದ್ಯ ಎಂ. ಎಸ್. ಖುರೂ ಅವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು. ಇಪ್ಪತ್ತೈದು ವರ್ಷಗಳ ಕಾಲ ಒಂದೇ ಹೆಸರಿನಡಿ ಎರಡು ರೋಗಗಳು ಅಡಗಿದ್ದವು.

ನೀರಿನ ದಾರಿ: ಎ ಮತ್ತು ಇ

ಎ ಮತ್ತು ಇ ವೈರಾಣುಗಳು ರೋಗಿಯ ಮಲದ ಮೂಲಕ ಹೊರಬಿದ್ದು, ನೀರು, ಆಹಾರ ಅಥವಾ ಕೈಗಳ ಮೂಲಕ ಮತ್ತೊಬ್ಬರ ಬಾಯಿಯನ್ನು ಸೇರುತ್ತವೆ. ಎ ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ಜ್ವರ, ಅಗ್ನಿಮಾಂದ್ಯ, ವಾಕರಿಕೆ, ನಿಶ್ಶಕ್ತಿಗಳು ಮೊದಲಾಗಿ ಅನಂತರ ಹಳದಿ ಕಾಣಿಸುತ್ತದೆ. ಕಣ್ಣು ಹಳದಿಯಾಗುವ ಮೊದಲೇ ರೋಗಿಯು ಅತಿ ಹೆಚ್ಚು ವೈರಾಣುಗಳನ್ನು ಹೊರಹಾಕಿರುತ್ತಾನೆ. ಆದುದರಿಂದ ಒಂದು ಮನೆಯಲ್ಲಿ ರೋಗ ತಿಳಿಯುವಷ್ಟರಲ್ಲಿ ನೆರೆಮನೆಗೆ ಅದು ದಾಟಿರುವುದುಂಟು. ಈ ಎರಡು ರೋಗಗಳೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿದು, ಯಕೃತ್ತು ಮೊದಲಿನಂತಾಗುತ್ತದೆ. ಎ ಎಂದಿಗೂ ದೀರ್ಘಕಾಲಿಕವಾಗುವುದಿಲ್ಲ. ಇ ಆಗುವುದು ರೋಗನಿರೋಧಕ ಶಕ್ತಿ ತೀರ ಕುಂದಿದವರಲ್ಲಿ ಮಾತ್ರ, ಅದೂ ಅಪರೂಪವಾಗಿ. ಆದರೆ ಗರ್ಭಿಣಿಯರಿಗೆ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಇ ಸೋಂಕು ಮಾರಕ. ಆ ಹಂತದಲ್ಲಿ ಸೋಂಕು ತಗುಲಿದವರಲ್ಲಿ ನೂರಕ್ಕೆ 20ರಿಂದ 25 ಮಂದಿಯವರೆಗೆ ಸಾವನ್ನಪ್ಪಬಹುದು.

ಕೇರಳದಲ್ಲಿ ಎ ಹೆಪಟೈಟಿಸ್ ಮತ್ತೆ ಮತ್ತೆ ಹಬ್ಬುತ್ತಿರುವುದರ ಹಿಂದೆ ಒಂದು ವಿಚಿತ್ರವಿದೆ. ಚಿಕ್ಕ ಮಕ್ಕಳಿಗೆ ಈ ಸೋಂಕು ತಗುಲಿದರೆ ಬಹುಪಾಲು ಯಾವ ಲಕ್ಷಣವೂ ತೋರದೆ ಹೋಗುತ್ತದೆ, ಜೀವಮಾನದ ರಕ್ಷಣೆ ಉಳಿಯುತ್ತದೆ. ನೈರ್ಮಲ್ಯ ಕಡಿಮೆಯಿದ್ದ ಕಾಲದಲ್ಲಿ ಹೆಚ್ಚಿನವರು ಬಾಲ್ಯದಲ್ಲಿಯೇ ಹೀಗೆ ರಕ್ಷಿತರಾಗುತ್ತಿದ್ದರು. ಮನೆ ಮನೆಗೆ ಶೌಚಾಲಯ ಬಂದು ಶುಚಿತ್ವ ಹೆಚ್ಚಿದ ಮೇಲೆ ಮಕ್ಕಳು ಸೋಂಕನ್ನು ಕಾಣದೆಯೇ ಬೆಳೆಯುತ್ತಾರೆ. ಹದಿಹರೆಯದಲ್ಲೊ ಯೌವನದಲ್ಲೊ ಕೆಟ್ಟ ನೀರು ಒಮ್ಮೆ ಒಳಹೊಕ್ಕರೆ ಆಗ ಬರುವ ರೋಗ ತೀವ್ರವಾಗಿರುತ್ತದೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಙೂರಿನಲ್ಲಿ ನಳ್ಳಿ ನೀರಿನಿಂದ ಇನ್ನೂರಕ್ಕೂ ಮಿಕ್ಕಿ ಜನರಿಗೆ ಕಾಮಾಲೆ ತಗುಲಿತು. ಅದೇ ವರ್ಷ ಮಲಪ್ಪುರಂ ಜಿಲ್ಲೆಯಲ್ಲಿಯೂ, ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯ ತಳಿಪರಂಬದಲ್ಲಿಯೂ ಅದು ಹಬ್ಬಿ ಸಾವುಗಳು ಸಂಭವಿಸಿದವು. ಶುಚಿತ್ವ ಅರ್ಧಕ್ಕೆ ನಿಂತಲ್ಲಿ ಈ ರೋಗ ಹೆಚ್ಚು ಕ್ರೂರವಾಗುತ್ತದೆ.

ಕಾಸರಗೋಡಿನ ನೆಲಕ್ಕೆ ಇದನ್ನು ಅನ್ವಯಿಸಿ ನೋಡಬೇಕು. ಇಲ್ಲಿಯ ಮುರಕಲ್ಲು ಮಳೆನೀರನ್ನು ಬೇಗನೆ ಒಳಗೆಳೆದುಕೊಳ್ಳುತ್ತದೆ. ಆ ಗುಣದಿಂದಲೇ ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ಹಿರಿಯರು ಸುರಂಗಗಳನ್ನು ಕೊರೆದು ನೀರು ಪಡೆದರು. ಅದೇ ಗುಣದಿಂದ ಶೌಚದ ಗುಂಡಿಯ ನೀರೂ ಬಾವಿಯತ್ತ ಇಳಿಯಬಲ್ಲದು. ಹಿತ್ತಿಲು ಕಿರಿದಾಗಿ ಬಾವಿ ಮತ್ತು ಗುಂಡಿಗಳ ನಡುವಿನ ಅಂತರ ಕುಗ್ಗಿದಷ್ಟೂ ಅಪಾಯ ಹೆಚ್ಚು. ಮದುವೆಯೂಟಗಳಲ್ಲಿ ಹಂಚುವ ತಂಪು ಪಾನೀಯಗಳೂ, ಅದಕ್ಕೆ ಹಾಕುವ ಮಂಜುಗಡ್ಡೆಯೂ ಶುದ್ಧ ನೀರಿನಿಂದಾಗದಿದ್ದರೆ ಒಂದೇ ದಿನ ನೂರಾರು ಮಂದಿಗೆ ಸೋಂಕು ತಗುಲಬಹುದು. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಕೊಡುವ ಅಭ್ಯಾಸದಿಂದ ಕುದಿಸಿದ ಶ್ರಮ ವ್ಯರ್ಥವಾಗುತ್ತದೆ.

ನೆತ್ತರ ದಾರಿ: ಬಿ, ಸಿ ಮತ್ತು ಡಿ

ಬಿ ವೈರಾಣು ರಕ್ತ ಮತ್ತು ದೇಹದ್ರವಗಳ ಮೂಲಕ ಹರಡುತ್ತದೆ: ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ, ಶುದ್ಧೀಕರಿಸದ ಸೂಜಿ, ಕ್ಷೌರದ ಕತ್ತಿ, ಹಚ್ಚೆಯ ಉಪಕರಣಗಳಿಂದ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಬಿ ಸೋಂಕು ಹರಡಿ ಹತ್ತಾರು ಜನ ಸತ್ತರು. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಕೈಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ ಅದು ಹರಡುವುದಿಲ್ಲ.

ಈ ಸೋಂಕು ಯಾವ ವಯಸ್ಸಿನಲ್ಲಿ ತಗುಲಿತು ಎಂಬುದೇ ಮುಂದಿನದನ್ನು ನಿರ್ಧರಿಸುತ್ತದೆ. ಪ್ರಾಯದವರಿಗೆ ತಗುಲಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ನವಜಾತ ಶಿಶುವಿಗೆ ತಗುಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಹಾಗೆ ಉಳಿದ ವೈರಾಣು ಮೂವತ್ತು, ನಲವತ್ತು ವರ್ಷ ಯಾವ ನೋವನ್ನೂ ಕೊಡದೆ, ಯಕೃತ್ತನ್ನು ಮೆಲ್ಲಮೆಲ್ಲನೆ ಗಂಟುಗಟ್ಟಿಸಿ ಸಿರೋಸಿಸ್ ಅಥವಾ ಕ್ಯಾನ್ಸರಿಗೆ ಒಯ್ಯಬಹುದು.

ಸಿ ವೈರಾಣು ಮುಖ್ಯವಾಗಿ ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಸೋಂಕಿತರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಆರು ತಿಂಗಳೊಳಗೆ ತಾವಾಗಿ ಮುಕ್ತರಾಗುತ್ತಾರೆ. ಉಳಿದವರಲ್ಲಿ ಅದು ನೆಲೆಯೂರುತ್ತದೆ. ಡಿ ವೈರಾಣು ಸ್ವತಂತ್ರವಾಗಿ ಬಾಳಲಾರದು; ಬಿ ಇದ್ದಲ್ಲಿ ಮಾತ್ರ ಅದಕ್ಕೆ ನೆಲೆ. ಬಿ ಜೊತೆಗೆ ಡಿ ಸೇರಿದರೆ ರೋಗದ ವೇಗ ಹೆಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಬಿ ಸೋಂಕಿನೊಡನೆ 25.4 ಕೋಟಿ, ಸಿ ಸೋಂಕಿನೊಡನೆ 5 ಕೋಟಿ ಜನರು ಬದುಕುತ್ತಿದ್ದರು. ಭಾರತದಲ್ಲಿ ಅವರ ಸಂಖ್ಯೆ ಕ್ರಮವಾಗಿ 2.98 ಕೋಟಿ ಮತ್ತು 55 ಲಕ್ಷ. ಜಗತ್ತಿನ ಬಿ ಸೋಂಕಿತರಲ್ಲಿ ನೂರಕ್ಕೆ 13 ಮಂದಿಗೆ ಮಾತ್ರ ತಮಗೆ ಸೋಂಕಿರುವುದು ಪರೀಕ್ಷೆಯಿಂದ ತಿಳಿದಿತ್ತು. ಉಳಿದವರ ಕಣ್ಣು ಹಳದಿಯಾಗಿರಲಿಲ್ಲ. ಪರೀಕ್ಷಿಸಬೇಕೆಂದು ಅವರಿಗೆ ತೋಚುವುದಕ್ಕೆ ಕಾರಣವೂ ಇರಲಿಲ್ಲ.

ಪರೀಕ್ಷೆಯ ವರದಿಯನ್ನು ಓದುವುದು

ರೋಗಿಯನ್ನು ನೋಡಿದ ಮಾತ್ರಕ್ಕೆ ಯಾವ ವೈರಾಣು ಎಂದು ಹೇಳಲು ನುರಿತ ವೈದ್ಯರಿಗೂ ಸಾಧ್ಯವಿಲ್ಲ. ರಕ್ತ ಪರೀಕ್ಷೆಯೇ ಆಗಬೇಕು. ಆ ಪರೀಕ್ಷೆಗಳನ್ನು ಮೂರು ಪ್ರಶ್ನೆಗಳಾಗಿ ತಿಳಿದುಕೊಂಡರೆ ಗೊಂದಲವಾಗದು.

ಮೊದಲ ಪ್ರಶ್ನೆ: ಯಕೃತ್ತಿಗೆ ಎಷ್ಟು ಪೆಟ್ಟಾಗಿದೆ? ಎಸ್‌ಜಿಪಿಟಿ, ಎಸ್‌ಜಿಓಟಿ ಎಂಬುವು ಯಕೃತ್ತಿನ ಕೋಶಗಳೊಳಗಿನ ಕಿಣ್ವಗಳು. ಕೋಶ ಒಡೆದಾಗ ಅವು ರಕ್ತಕ್ಕೆ ಸೋರುತ್ತವೆ. ಆರೋಗ್ಯವಂತರಲ್ಲಿ ಸುಮಾರು 40ರೊಳಗಿರುವ ಈ ಅಂಕೆ ತೀವ್ರ ಹೆಪಟೈಟಿಸಿನಲ್ಲಿ ನೂರಾರು, ಸಾವಿರಾರಕ್ಕೆ ಏರುತ್ತದೆ. ಆದರೆ ಯಕೃತ್ತು ಸೋಲುತ್ತಿದೆಯೇ ಎಂಬುದನ್ನು ಈ ಅಂಕೆಗಿಂತ ಚೆನ್ನಾಗಿ ತಿಳಿಸುವುದು ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಯಕೃತ್ತೇ ತಯಾರಿಸುವುದರಿಂದ, ಅದು ಸೋತರೆ ಈ ಅಂಕೆ ಏರುತ್ತದೆ.

ಎರಡನೆಯ ಪ್ರಶ್ನೆ: ವೈರಾಣು ಯಾವುದು? ದೇಹವು ಹೊಸ ಸೋಂಕಿಗೆ ಮೊದಲು ತಯಾರಿಸುವ ಪ್ರತಿಕಾಯ ಐಜಿಎಂ. ಹಳೆಯ ನೆನಪಾಗಿ ಉಳಿಯುವಂಥದು ಐಜಿಜಿ. ಎ ವೈರಾಣುವಿನ ಐಜಿಎಂ ಕಂಡರೆ ಈಗಿನ ಸೋಂಕು ಎ. ಇ ವೈರಾಣುವಿನ ಐಜಿಎಂ ಕಂಡರೆ ಇ. ಬಿ ಸೋಂಕಿಗೆ ನೋಡುವುದು ಎಚ್‌ಬಿಎಸ್‌ಎಜಿ, ಎಂದರೆ ಬ್ಲಂಬರ್ಗ್ ಕಂಡ ಆ ಹೊರಕವಚದ ಪ್ರೋಟೀನ್. ಅದು ಆರು ತಿಂಗಳಿಗೂ ಮಿಕ್ಕಿ ಉಳಿದರೆ ಸೋಂಕು ದೀರ್ಘಕಾಲಿಕ. ಹೆಸರಿನಲ್ಲಿ ಒಂದೇ ಬಗೆಯಾಗಿ ಕೇಳಿಸುವ ಆ್ಯಂಟಿ-ಎಚ್‌ಬಿಎಸ್ ಎಂಬುದರ ಅರ್ಥ ತೀರ ಬೇರೆ. ಅದು ಲಸಿಕೆಯಿಂದಲೋ ಗುಣವಾದ ಸೋಂಕಿನಿಂದಲೋ ಬಂದ ರಕ್ಷಣೆಯ ಗುರುತು. ಮೊದಲನೆಯದು ‘ಪಾಸಿಟಿವ್’ ಆದರೆ ಮುಂದಿನ ಪರೀಕ್ಷೆ ಬೇಕು, ಎರಡನೆಯದು ‘ಪಾಸಿಟಿವ್’ ಆದರೆ ಸಮಾಧಾನಪಡಬಹುದು. ಒಂದೇ ವಿಶೇಷಣ ಎರಡು ಸಾಲುಗಳಲ್ಲಿ ವಿರುದ್ಧಾರ್ಥವನ್ನು ಕೊಡುವ ಅಪರೂಪದ ಬರಹ ಈ ವರದಿ.

ಮೂರನೆಯ ಪ್ರಶ್ನೆ: ವೈರಾಣು ಈಗ ರಕ್ತದಲ್ಲಿ ಇದೆಯೇ, ಎಷ್ಟಿದೆ? ಸಿ ಸೋಂಕಿನಲ್ಲಿ ಇದು ಮುಖ್ಯ. ಸಿ ವೈರಾಣುವಿನ ಪ್ರತಿಕಾಯ ಗುಣವಾದ ಮೇಲೂ ಉಳಿಯುವುದರಿಂದ, ಅದು ಕಂಡ ಮಾತ್ರಕ್ಕೆ ರೋಗವಿದೆ ಎನ್ನಲಾಗದು. ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಾಣುವೇ ಕಾಣಬೇಕು. ಬಿ ಸೋಂಕಿನಲ್ಲಿ ಡಿಎನ್‌ಎ ಪ್ರಮಾಣವನ್ನು ಅಳೆಯುತ್ತಾರೆ. ಬಿ ಇರುವವರಲ್ಲಿ ಡಿ ಇದೆಯೇ ಎಂದೂ ನೋಡಬೇಕಾಗುತ್ತದೆ. ಯಕೃತ್ತು ಎಷ್ಟು ಗಡುಸಾಗಿದೆ ಎಂಬುದನ್ನು ಸ್ಕ್ಯಾನಿಂಗ್ ಮೂಲಕ ತಿಳಿಯಬಹುದು.

ಚಿಕಿತ್ಸೆ: ಒಂದೊಂದಕ್ಕೆ ಒಂದೊಂದು

ಎ ಮತ್ತು ಇ ಸೋಂಕುಗಳಿಗೆ ನಿರ್ದಿಷ್ಟ ಔಷಧದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ರುಚಿಸುವಷ್ಟು ಸಾಮಾನ್ಯ ಆಹಾರ, ಮದ್ಯವರ್ಜನೆ, ವೈದ್ಯರನ್ನು ಕೇಳದೆ ಪಾರಸಿಟಮಾಲ್ ಮೊದಲಾದ ಮಾತ್ರೆಗಳನ್ನು ನುಂಗದಿರುವುದು, ಇವೇ ಚಿಕಿತ್ಸೆ. ಎಣ್ಣೆ, ಉಪ್ಪುಗಳನ್ನೆಲ್ಲ ಬಿಟ್ಟು ಗಂಜಿ ತಿಳಿಯಲ್ಲಿಯೇ ವಾರಗಟ್ಟಲೆ ಇರಿಸುವ ಕಠಿನ ಪಥ್ಯದಿಂದ ರೋಗಿ ಇನ್ನಷ್ಟು ಬಳಲುತ್ತಾನೆ. ಆದರೆ ವಾಂತಿ ನಿಲ್ಲದಿದ್ದರೆ, ವಸಡು ಮೂಗುಗಳಿಂದ ರಕ್ತ ಬಂದರೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಮಾತಿನಲ್ಲಿ ತಡವರಿಕೆ, ಗುರುತು ತಪ್ಪುವುದು ಕಂಡುಬಂದರೆ ಅದು ಯಕೃತ್ತು ಸೋಲುತ್ತಿರುವ ಸೂಚನೆ. ಆಗ ದೊಡ್ಡ ಆಸ್ಪತ್ರೆಗೆ ಒಯ್ಯಲು ಒಂದು ಗಂಟೆಯನ್ನೂ ತಡಮಾಡಬಾರದು. ಕಾಮಾಲೆಯಾದ ಗರ್ಭಿಣಿಯನ್ನು ಮೊದಲ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇಲ್ಲಿ ನಾಟಿಮದ್ದಿನ ಮಾತು ಬರುತ್ತದೆ. ಗದ್ದೆಯ ಬದುಗಳಲ್ಲಿ ಬೆಳೆಯುವ ನೆಲನೆಲ್ಲಿಯ ಮದ್ದನ್ನು ನಂಬಿದ ಮನೆಗಳು ಈ ಜಿಲ್ಲೆಯಲ್ಲಿ ಅನೇಕ. ಆ ನಂಬಿಕೆಯನ್ನು ವಿಜ್ಞಾನ ತಾತ್ಸಾರ ಮಾಡಲಿಲ್ಲ. ಬ್ಲಂಬರ್ಗ್ ಅವರೂ ಸಹಲೇಖಕರಾಗಿದ್ದ, ಮದ್ರಾಸಿನ ಸಂಶೋಧಕರ ಒಂದು ಅಧ್ಯಯನ 1988ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆಲನೆಲ್ಲಿ ಪಡೆದ ಬಿ ಸೋಂಕಿನ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಹೊರಕವಚದ ಪ್ರೋಟೀನ್ ಮಾಯವಾಯಿತೆಂದು ಅದು ಹೇಳಿತು. ಲೋಕವೇ ಕಿವಿನಿಮಿರಿಸಿತು. ಆದರೆ ಅನಂತರ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ದೃಢಪಡಲಿಲ್ಲ. ಹಾಗಾದರೆ ಊರಿನ ಮದ್ದಿನಿಂದ ಇಷ್ಟು ಜನ ಗುಣವಾದದ್ದು ಹೇಗೆ? ಅವರಲ್ಲಿ ಹೆಚ್ಚಿನವರಿಗೆ ಬಂದದ್ದು ಎ. ಅದು ತಾನಾಗಿಯೇ ಇಳಿಯುವ ರೋಗ. ಕಾವ್ಯಮೀಮಾಂಸೆ ಓದಿದವರಿಗೆ ಪರಿಚಿತವಾದ ಕಾಕತಾಳೀಯ ನ್ಯಾಯವೇ ಇಲ್ಲಿಯೂ ನಡೆಯುತ್ತದೆ: ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಅದೇ ನಂಬಿಕೆಯಿಂದ ಬಿ ಸೋಂಕಿನವರು ವರ್ಷಗಟ್ಟಲೆ ಕಾದರೆ ಬೀಳುವುದು ಹಣ್ಣಲ್ಲ. ಮೈಮೇಲೆ ಬರೆ ಹಾಕಿಸುವ ಕ್ರಮದಿಂದಂತೂ ಗಾಯವಲ್ಲದೆ ಬೇರೇನೂ ಲಭಿಸದು.

ಬಿ ಸೋಂಕಿಗೆ ಟೆನೊಫೊವಿರ್, ಎಂಟೆಕಾವಿರ್ ಎಂಬ ಮಾತ್ರೆಗಳಿವೆ. ಅವು ವೈರಾಣುವನ್ನು ಅಡಗಿಸಿಡುತ್ತವೆ; ಬೇರುಸಹಿತ ಕೀಳುವುದು ಅಪರೂಪ. ಸೋಂಕಿರುವ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ; ವೈರಾಣುವಿನ ಪ್ರಮಾಣ, ಕಿಣ್ವಗಳ ಅಂಕೆ, ಯಕೃತ್ತಿನ ಸ್ಥಿತಿಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆರಂಭಿಸಿದ ಮೇಲೆ ತಾನೇ ನಿಲ್ಲಿಸಿದರೆ ರೋಗ ಭುಗಿಲೇಳಬಹುದು. ಮಾತ್ರೆ ಬೇಡವಾದವರಿಗೂ ನಿಯಮಿತ ತಪಾಸಣೆ ಬೇಕೇ ಬೇಕು. ಡಿ ಸೋಂಕಿನ ಚಿಕಿತ್ಸೆ ಇಂದಿಗೂ ಕಠಿನ.

ಸಿ ಸೋಂಕಿನ ಚಿಕಿತ್ಸೆ ಕಳೆದ ದಶಕದಲ್ಲಿ ಪೂರ್ತಿ ಬದಲಾಯಿತು. ಸೊಫೊಸ್ಬುವಿರ್ ಎಂಬ ಔಷಧ 2013ರಲ್ಲಿ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಯ ಬೆಲೆ 1000 ಡಾಲರ್. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಅನುಮತಿ ದೊರೆತ ಮೇಲೆ ಬೆಲೆ ಬಹಳ ಇಳಿಯಿತು. ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಜೊತೆಗೆ ಸಾಮಾನ್ಯವಾಗಿ 12 ವಾರ ಸೇವಿಸಿದರೆ ನೂರರಲ್ಲಿ ಸುಮಾರು 95 ಮಂದಿ ಸಂಪೂರ್ಣ ಗುಣವಾಗುತ್ತಾರೆ. ಮಾತ್ರೆ ಮುಗಿದ 12 ವಾರಗಳ ಬಳಿಕ ಮತ್ತೆ ಆರ್‌ಎನ್‌ಎ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಔಷಧಗಳು ಆಯ್ದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಣವಿಲ್ಲವೆಂದು ಚಿಕಿತ್ಸೆ ಬಿಡುವ ಕಾಲ ಈಗ ಉಳಿದಿಲ್ಲ.

ತಡೆಯುವ ಬಗೆ

ನೀರಿನ ದಾರಿಯ ರೋಗಗಳನ್ನು ತಡೆಯಲು ಚೆನ್ನಾಗಿ ಕುದಿಸಿ ಆರಿಸಿದ ನೀರು, ಸಾಬೂನು ಹಚ್ಚಿ ತೊಳೆದ ಕೈ, ಕ್ಲೋರಿನೀಕರಿಸಿದ ಬಾವಿ ಸಾಕು. ಕೇರಳದಲ್ಲಿ ಸಾಮಾನ್ಯ ಕಾಲದಲ್ಲಿ 1000 ಲೀಟರ್ ನೀರಿಗೆ 2.5 ಗ್ರಾಂ, ರೋಗ ಹಬ್ಬಿದಾಗ 5 ಗ್ರಾಂ ಬ್ಲೀಚಿಂಗ್ ಪುಡಿ ಹಾಕುವ ಕ್ರಮವಿದೆ. ಎ ಸೋಂಕಿಗೆ ಲಸಿಕೆಯೂ ಇದೆ.

ಬಿ ಸೋಂಕಿನ ಲಸಿಕೆ ಅದಕ್ಕಿಂತ ದೊಡ್ಡ ಕೊಡುಗೆ. ಜನಿಸಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದು, ಅನಂತರ 6, 10, 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಭಾಗವಾಗಿ ಅದು ಮಗುವಿಗೆ ದೊರೆಯುತ್ತದೆ. ಭಾರತದಲ್ಲಿ ಪೆಂಟಾವೇಲೆಂಟ್ ಲಸಿಕೆ ಮೊದಲು ಬಂದದ್ದು ಕೇರಳ ಮತ್ತು ತಮಿಳುನಾಡುಗಳಿಗೆ, 2011ರ ಡಿಸೆಂಬರಿನಲ್ಲಿ. ತಾಯಿಗೆ ಸೋಂಕಿದ್ದರೆ ಮಗುವಿಗೆ ಲಸಿಕೆಯೊಡನೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಕೊಡುತ್ತಾರೆ. ಆಗ ಎದೆಹಾಲು ಕುಡಿಸಲು ಅಡ್ಡಿಯಿಲ್ಲ. ಬಿ ತಡೆದರೆ ಡಿ ತಾನಾಗಿ ತಡೆಯಲ್ಪಡುತ್ತದೆ. ಸಿ ಸೋಂಕಿಗೆ ಲಸಿಕೆ ಇನ್ನೂ ಬಂದಿಲ್ಲ. ಸಾರ್ವತ್ರಿಕ ಕಾರ್ಯಕ್ರಮ ಬರುವುದಕ್ಕೆ ಮೊದಲು ಹುಟ್ಟಿದವರು ತಮಗೆ ಲಸಿಕೆ ಆಗಿದೆಯೇ ಎಂದು ಮನೆಯಲ್ಲಿ ಕೇಳಿ ತಿಳಿಯುವುದು, ಆಗಿಲ್ಲದಿದ್ದರೆ ಪರೀಕ್ಷಿಸಿ ಹಾಕಿಸಿಕೊಳ್ಳುವುದು ಯುಕ್ತ.

ಪದ ತಿಳಿದವರ ಹೊಣೆ

ಕಾಸರಗೋಡಿನ ಯುವಕರಲ್ಲಿ ಅನೇಕರಿಗೆ ಬಿ ಅಥವಾ ಸಿ ಸೋಂಕು ಮೊದಲು ತಿಳಿಯುವುದು ಕೊಲ್ಲಿ ದೇಶಗಳ ಉದ್ಯೋಗಕ್ಕೆ ಮಾಡಿಸುವ ವೈದ್ಯಕೀಯ ತಪಾಸಣೆಯಲ್ಲಿ. ಇನ್ನು ಕೆಲವರಿಗೆ ಕಾಲೇಜಿನ ರಕ್ತದಾನ ಶಿಬಿರದ ಬಳಿಕ. ದಾನದ ರಕ್ತವನ್ನು ಈ ಎರಡು ವೈರಾಣುಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. ‘ಅನ್‌ಫಿಟ್’ ಎಂಬ ಒಂದು ಪದ ಬರೆದ ಚೀಟಿಯನ್ನು ಹಿಡಿದು ಮನೆಗೆ ಬಂದವನಿಗೆ ವೀಸಾ ಕಳೆದುಹೋದ ದುಃಖದೊಡನೆ, ಮನೆಯವರು ತಟ್ಟೆ ಲೋಟ ಬೇರೆಯಿಡುವ ದುಃಖವೂ ಸೇರುತ್ತದೆ. ಅವನು ಚೀಟಿಯನ್ನು ಹರಿದು ಸುಮ್ಮನಾಗುತ್ತಾನೆ. ಚಿಕಿತ್ಸೆ ಸಿಗಬಹುದಾಗಿದ್ದ ವರ್ಷಗಳು ಹಾಗೆ ಕಳೆಯುತ್ತವೆ. ವೈರಾಣು ಮಾಡುವ ಹಾನಿಗೆ ಮಾತು ಮಾಡುವ ಹಾನಿಯೂ ಕೂಡುತ್ತದೆ.

ಈ ಜಿಲ್ಲೆಯಲ್ಲಿ ವರದಿ ಬರುವುದು ಇಂಗ್ಲಿಷಿನಲ್ಲಿ, ಆರೋಗ್ಯ ಇಲಾಖೆಯ ಫಲಕ ಹೆಚ್ಚಾಗಿ ಮಲಯಾಳದಲ್ಲಿ, ಕೇಳಿಸಿಕೊಳ್ಳಬೇಕಾದ ಅಜ್ಜಿ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತಾಳೆ. ನಡುವೆ ನಿಂತು ಹೇಳಬೇಕಾದವರು ಆ ಮನೆಯ ವಿದ್ಯಾರ್ಥಿಗಳೇ. ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಪದಗಳ ಅರ್ಥಭೇದವನ್ನು ಬಿಡಿಸಿ ಹೇಳುವ ಅಭ್ಯಾಸ ತರಗತಿಯಲ್ಲಿ ದೊರೆಯುತ್ತದೆ. ಮನೆಯಲ್ಲಿ ಯಾರಾದರೂ ‘ಅವನಿಗೆ ಕಾಮಾಲೆಯಂತೆ’ ಎಂದಾಗ ‘ಯಾವುದು, ಪರೀಕ್ಷೆ ಮಾಡಿಸಿದ್ದಾರೆಯೇ?’ ಎಂದು ಕೇಳುವುದು, ‘ಬಿ ಇದ್ದವನೊಡನೆ ಕೂತು ಉಣ್ಣಬಹುದು, ಎ ಇದ್ದಾಗ ನೀರು ಕುದಿಸಬೇಕು’ ಎಂದು ತಿಳಿಸುವುದು, ವರದಿಯ ಒಂದೊಂದು ಸಾಲನ್ನೂ ಮನೆಮಾತಿನಲ್ಲಿ ಓದಿ ಹೇಳುವುದು ಆ ಅಭ್ಯಾಸದ ಮುಂದುವರಿಕೆಯೇ ಆಗಿದೆ.